ಕಾರಿನ ಮಾಳಿಗೆಯೂ ನೀರಿನ ದಾರಿಯೂ

ಸೋರುವ ಮಾಳಿಗೆಯ ಮಾತು ಬಂದರೆ ಶಿಶುನಾಳ ಷರೀಫರನ್ನು ನೆನೆಯದ ಕನ್ನಡಿಗರಿಲ್ಲ. ಅವರ ಮಾಳಿಗೆಯ ಅರ್ಥವೇ ಬೇರೆ, ಅದರ ಆಳವೇ ಬೇರೆ. ನಾನು ಹೇಳಹೊರಟಿರುವುದು ಅಷ್ಟು ದೊಡ್ಡ ಸಂಗತಿಯಲ್ಲ. ನಮ್ಮ ಮನೆಯ ಹಳೆಯ ಕಾರೊಂದರ ಮಾಳಿಗೆ ಸೋರಿದ ಕಥೆ ಅಷ್ಟೆ. ಈ ಸ್ಮರಣ ಸಂಚಿಕೆಯಲ್ಲಿ ಸಾಹಿತ್ಯ, ಸಂಗೀತ, ಸಂಸ್ಕೃತಿಗಳನ್ನು ಕುರಿತು ಬಲ್ಲವರು ಬರೆದಿರುತ್ತಾರೆ. ಅವರ ನಡುವೆ ಗೃಹಿಣಿಯೊಬ್ಬಳು ಸನ್‌ರೂಫಿನ ವಿಚಾರ ಬರೆಯುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಈ ದೇಶದಲ್ಲಿ ಕಾರೆಂಬುದು ಮನೆಯ ಇನ್ನೊಂದು ಕೋಣೆಯಲ್ಲವೆ? ಮಕ್ಕಳನ್ನು ಬೆಳೆಸಿದ್ದೂ ಅದರಲ್ಲಿ, ಅವರಿಗೆ ಕನ್ನಡದ ಹಾಡು ಕಲಿಸಿದ್ದೂ ಅದರಲ್ಲಿ, ಊರಿನಿಂದ ಬಂದ ಹಿರಿಯರನ್ನು ವಿಮಾನ ನಿಲ್ದಾಣದಿಂದ ಕರೆತಂದದ್ದೂ ಅದರಲ್ಲಿ. ಆ ಕೋಣೆಯ ಮಾಡು ಸೋರಿದಾಗ ಗೃಹಿಣಿಯಾದವಳು ಸುಮ್ಮನಿರುವುದು ಹೇಗೆ?

ನಾವು ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಸಮೀಪ ನೆಲೆಸಿದವರು. ಈ ಕಾರನ್ನು ಕೊಂಡದ್ದು ೨೦೦೭ರಲ್ಲಿ. ಮಾಡಿನಲ್ಲಿ ಗಾಜಿನ ಕಿಂಡಿಯುಳ್ಳ ಕಾರೇ ಬೇಕೆಂದು ಹಟ ಹಿಡಿದವರು ನಮ್ಮ ಯಜಮಾನರು. ಹುಣ್ಣಿಮೆಯ ರಾತ್ರಿಗಳಲ್ಲಿ ಹಿಂದಿನ ಆಸನದ ಮಕ್ಕಳು ಕತ್ತು ಮೇಲೆತ್ತಿ ಚಂದಮಾಮನನ್ನು ನೋಡುತ್ತ ಮನೆಯವರೆಗೂ ಬರುತ್ತಿದ್ದರು. ಈಗ ಮಕ್ಕಳು ತಮ್ಮ ತಮ್ಮ ಊರು ಸೇರಿದ್ದಾರೆ. ೨೦೨೧ರ ಜನವರಿಯಲ್ಲಿ ಯಜಮಾನರಿಗೆ ಪಾರ್ಶ್ವವಾಯು ತಗುಲಿ ಬಲಗೈ ಸೋತಿತು, ಮಾತು ನಿಧಾನವಾಯಿತು. ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ ಬಿಚ್ಚಿ ಜೋಡಿಸುತ್ತಿದ್ದ ಮನುಷ್ಯ ಕಿಟಕಿಯ ಬಳಿ ಕುಳಿತು ಹೊರಗೆ ನೋಡತೊಡಗಿದರು. ಅಂದಿನಿಂದ ಕಾರಿನ ಕೀಲಿ ನನ್ನ ಕೈಗೆ ಬಂತು. ಅವರ ವ್ಯಾಯಾಮ ಚಿಕಿತ್ಸೆಗೆ, ಅತ್ತೆಯವರ ವೈದ್ಯರಲ್ಲಿಗೆ, ಶನಿವಾರಗಳಂದು ೩೫ ಮೈಲಿ ದೂರದಲ್ಲಿ ನಾನು ನಡೆಸುವ ಕನ್ನಡ ತರಗತಿಗೆ, ಎಲ್ಲಕ್ಕೂ ಅದೊಂದೇ ಆಸರೆ.

೨೦೨೨ರ ಜೂನ್ ತಿಂಗಳಲ್ಲಿ ಒಂದು ದಿನ ಧಾರಾಕಾರ ಮಳೆ ಸುರಿದು ನಿಂತಿತ್ತು. ಅತ್ತೆಯವರನ್ನು ಕೂರಿಸಿಕೊಂಡು ಹೊರಟಿದ್ದೆ. ಕೆಂಪು ದೀಪದ ಮುಂದೆ ಕಾರು ನಿಲ್ಲಿಸಿದೊಡನೆ ಮಾಡಿನ ಅಂಚಿನಿಂದ ತಣ್ಣೀರು ಅವರ ನೆತ್ತಿಯ ಮೇಲೆ ಸುರಿಯಿತು. ಮಳೆ ನಿಂತರೂ ಮರದ ಹನಿ ನಿಲ್ಲದೆಂಬ ಗಾದೆಯನ್ನು ಕೇಳಿದ್ದೆ. ಕಾರಿನೊಳಗೆ ಕಂಡದ್ದು ಅಂದೇ. ಅತ್ತೆಯವರು ಆಗುಂಬೆಯ ಆಸುಪಾಸಿನವರು. ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಸೀಮೆ ಅದು. ಡೆಟ್ರಾಯಿಟಿನ ಮಳೆ ಅದರ ಎಂಟನೆಯ ಒಂದು ಪಾಲು ಇದ್ದೀತು. ಎಂಬತ್ತನಾಲ್ಕರ ಆ ಹಿರಿಯರು ಸೆರಗಿನಿಂದ ತಲೆ ಒರೆಸಿಕೊಳ್ಳುತ್ತ ಒಂದೇ ಪ್ರಶ್ನೆ ಕೇಳಿದರು: “ಇದರ ಹಂಚು ಕೈಯಾಡಿಸಿ ಎಷ್ಟು ವರ್ಷ ಆಯ್ತೇ?”

ಮಲೆನಾಡಿನವರಿಗೆ ಆ ಮಾತನ್ನು ವಿವರಿಸಬೇಕಾಗಿಲ್ಲ. ಮುಂಗಾರಿಗೆ ಮುನ್ನ ಮಾಡು ಹತ್ತಿ, ಒಂದೊಂದೇ ಹಂಚನ್ನು ಎತ್ತಿ ನೋಡಿ, ಒಡೆದದ್ದನ್ನು ಬದಲಿಸಿ, ಎರಡು ಮಾಡುಗಳು ಕೂಡುವೆಡೆಯ ದೋಣಿಯಲ್ಲಿ ತುಂಬಿದ ತರಗೆಲೆಯನ್ನು ಬಾಚಿ ತೆಗೆಯುವ ಕೆಲಸವದು. ನಾನು ನಕ್ಕುಬಿಟ್ಟೆ. ಆದರೆ ಆ ಪ್ರಶ್ನೆಯೊಳಗೇ ಉತ್ತರವೂ ಇತ್ತೆಂಬುದು ತಿಳಿದದ್ದು ತಿಂಗಳುಗಳ ಅನಂತರ.

ಮರುದಿನ ನೋಡಿದರೆ ಮುಂದಿನ ಆಸನದ ಕಾಲಡಿಯ ಜಮಖಾನೆ ಹಿಂಡಿದರೆ ನೀರು ಬರುವಂತಿತ್ತು. ಹಿಂದಿನ ಡಿಕ್ಕಿಯಲ್ಲಿ ಇರಿಸಿದ್ದ ಕನ್ನಡ ತರಗತಿಯ ಪಠ್ಯಪುಸ್ತಕಗಳು ಉಬ್ಬಿ ಅಂಟಿಕೊಂಡಿದ್ದವು. ರಿಪೇರಿಯವರೊಬ್ಬರು ಗಾಜಿನ ಸುತ್ತಲಿನ ರಬ್ಬರ್ ಪಟ್ಟಿ ಹಳೆಯದಾಗಿದೆಯೆಂದು ಹೇಳಿ, ಹೊಸದನ್ನು ಹಾಕಿ, ಹಣ ಪಡೆದರು. ಮುಂದಿನ ಮಳೆಗೆ ಕಾರು ಹಿಂದಿನಂತೆಯೇ ಸೋರಿತು. ಇನ್ನೊಂದು ಕಡೆ ಹೋದರೆ ಸನ್‌ರೂಫಿನ ಚೌಕಟ್ಟನ್ನೇ ಬದಲಿಸಬೇಕೆಂದೂ ಅದಕ್ಕೆ ೧,೮೦೦ ಡಾಲರು ತಗಲುವುದೆಂದೂ ಲೆಕ್ಕ ಬರೆದುಕೊಟ್ಟರು. ಕಾರನ್ನು ಮಾರಿದರೂ ಅದಕ್ಕಿಂತ ಹೆಚ್ಚೇನೂ ಬರುವಂತಿರಲಿಲ್ಲ. “ಮಾರಿಬಿಡಮ್ಮ, ಹೊಸದು ತೆಗೆದುಕೊಳ್ಳೋಣ” ಎಂದು ಮಗ ದೂರವಾಣಿಯಲ್ಲಿ ಹೇಳಿದ. ಅವನ ಮಾತಿನಲ್ಲಿ ಪ್ರೀತಿಯಿತ್ತು. ಆದರೆ ಯಜಮಾನರ ಸಂಬಳ ನಿಂತುಹೋಗಿದ್ದ ಕಾಲ. ಮಗನ ಹೆಗಲಿಗೆ ಇನ್ನೊಂದು ಸಾಲವನ್ನು ಹೊರಿಸಲು ನನಗೆ ಮನಸ್ಸಿರಲಿಲ್ಲ. ಆ ಸಂಭಾಷಣೆಯನ್ನು ಕೇಳುತ್ತಿದ್ದ ಇವರು ಮುಖ ತಿರುಗಿಸಿಕೊಂಡರು. ಕೆಟ್ಟ ವಸ್ತುವನ್ನು ಬಿಸುಡುವ ಮಾತು ಆ ದಿನಗಳಲ್ಲಿ ಅವರ ಕಿವಿಗೆ ಹೇಗೆ ಕೇಳಿಸುತ್ತಿತ್ತೆಂಬುದನ್ನು ನಾನು ಬಲ್ಲೆ.

ಆ ರಾತ್ರಿಯೇ ಈ ಯಂತ್ರದ ಮರ್ಮವನ್ನು ಅರಿಯಬೇಕೆಂದು ನಿಶ್ಚಯಿಸಿದೆ. ಓದಿದಷ್ಟೂ ಕುತೂಹಲ ಬೆಳೆಯಿತು. ಅಮೆರಿಕೆಯಲ್ಲಿ ಸನ್‌ರೂಫನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು ಹೈಂಜ್ ಪ್ರೆಕ್ಟರ್ ಎಂಬವರಂತೆ. ಜರ್ಮನಿಯಿಂದ ವಿದ್ಯಾರ್ಥಿಯಾಗಿ ಬಂದ ಅವರು ೧೯೬೫ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಅಮೆರಿಕನ್ ಸನ್‌ರೂಫ್ ಕಂಪನಿಯನ್ನು ಆರಂಭಿಸಿದರು. ಆ ಸಂಸ್ಥೆ ಮುಂದೆ ನೆಲೆಯೂರಿದ್ದು ಡೆಟ್ರಾಯಿಟಿನ ದಕ್ಷಿಣಕ್ಕಿರುವ ಸೌತ್‌ಗೇಟ್‌ನಲ್ಲಿ, ಅಂದರೆ ನಮ್ಮ ನೆರೆಯಲ್ಲೇ. ಆಕಾಶದ ಕಿಂಡಿಯನ್ನು ಇಲ್ಲಿಯವರಿಗೆ ರೂಢಿ ಮಾಡಿಸಿದವರೂ ನಮ್ಮಂತೆ ಕಡಲು ದಾಟಿ ಬಂದವರೇ ಎಂಬುದನ್ನು ಓದಿ ನನಗೆ ಸಂತೋಷವಾಯಿತು.

ಅದಕ್ಕಿಂತ ಮುಖ್ಯವಾದ ಸಂಗತಿಯೊಂದು ನನ್ನನ್ನು ಬೆರಗುಗೊಳಿಸಿತು. ಸನ್‌ರೂಫ್ ನೀರನ್ನು ಪೂರ್ತಿಯಾಗಿ ತಡೆಯುವಂತೆ ನಿರ್ಮಿತವಾದುದೇ ಅಲ್ಲ! ರಬ್ಬರ್ ಪಟ್ಟಿ ಬಹುಪಾಲು ನೀರನ್ನು ಹೊರಗಿಡುತ್ತದೆ. ಸ್ವಲ್ಪ ನೀರು ಒಳಗೆ ಇಳಿದೇ ಇಳಿಯುತ್ತದೆ. ಹಾಗೆ ಇಳಿದುದನ್ನು ಹಿಡಿಯಲು ಕಿಂಡಿಯ ಸುತ್ತ ಕಣ್ಣಿಗೆ ಕಾಣದಂತೆ ಒಂದು ದೋಣಿ ಇರುತ್ತದೆ. ಅದರ ಮೂಲೆಗಳಿಂದ, ಸಾಮಾನ್ಯವಾಗಿ ನಾಲ್ಕು, ಸಣ್ಣ ಕೊಳವೆಗಳು ಹೊರಟು, ಕಾರಿನ ಮುಂದಿನ ಮತ್ತು ಹಿಂದಿನ ಕಂಬಗಳ ಒಳಗೇ ಇಳಿದು, ಬಾಗಿಲಿನ ಕೀಲುಗಳ ಹತ್ತಿರವೋ ಚಕ್ರದ ಹಿಂದೆಯೋ ನೀರನ್ನು ನೆಲಕ್ಕೆ ಬಿಡುತ್ತವೆ.

ನನ್ನ ತವರು ಕೋಲಾರ ಜಿಲ್ಲೆ, ಕೆರೆಗಳ ನಾಡು. ಏರಿಯನ್ನು ಎಷ್ಟೇ ಭದ್ರವಾಗಿ ಕಟ್ಟಿದರೂ ಕೋಡಿಯಿಲ್ಲದ ಕೆರೆ ಉಳಿಯದೆಂಬುದನ್ನು ನಮ್ಮ ಕಡೆ ಮಕ್ಕಳೂ ಬಲ್ಲರು. ಹೆಚ್ಚಾದ ನೀರು ಕೋಡಿಯಲ್ಲಿ ಹರಿದುಹೋಗಬೇಕು. ಕೋಡಿಯಲ್ಲಿ ಜೊಂಡು ಬೆಳೆದು ಕಟ್ಟಿಕೊಂಡರೆ ಏರಿ ಒಡೆಯುತ್ತದೆ. ನಮ್ಮ ಕಾರಿಗೆ ಆಗಿದ್ದದ್ದೂ ಅದೇ. ಕಟ್ಟಿಕೊಂಡಿದ್ದುದು ಕೋಡಿ, ರಿಪೇರಿಯವರು ಎತ್ತರಿಸಿದ್ದು ಏರಿಯನ್ನು.

ಮೈಸೂರಿನಲ್ಲಿ ಬಿ.ಎ. ಓದುವಾಗ ನನಗೆ ತರ್ಕಶಾಸ್ತ್ರ ಒಂದು ವಿಷಯವಾಗಿತ್ತು. ಅದು ಉಪಯೋಗಕ್ಕೆ ಬಂದದ್ದು ಈ ಗ್ಯಾರೇಜಿನಲ್ಲಿ. ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸುವುದು ಸರಿ; ನೀರು ಕಂಡಲ್ಲೇ ಸೋರಿಕೆಯನ್ನು ಊಹಿಸಲಾಗದು. ಮುಂದಿನ ಕಾಲಡಿ ನೆನೆದರೆ ಮುಂದಿನ ಕೊಳವೆಯನ್ನೂ, ಡಿಕ್ಕಿ ನೆನೆದರೆ ಹಿಂದಿನ ಕೊಳವೆಯನ್ನೂ ಶಂಕಿಸಬೇಕು. ಶಂಕೆಯನ್ನು ಪರೀಕ್ಷಿಸಲು ಗಾಜನ್ನು ತೆರೆದು, ದೋಣಿಯ ಒಂದೊಂದು ಮೂಲೆಗೂ ಒಂದೊಂದು ಲೋಟ ನೀರನ್ನು ಮೆಲ್ಲನೆ ಎರೆದು, ಕಾರಿನ ಅಡಿಯಲ್ಲಿ ಅದು ಹೊರಬೀಳುವುದೋ ಇಲ್ಲವೋ ಎಂದು ನೋಡಬೇಕು.

ಇವರನ್ನು ಗ್ಯಾರೇಜಿಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ನಾನು ನೀರು ಎರೆದೆ, ಅವರು ಕೆಳಗೆ ನೋಡಿದರು. ಮುಂದಿನ ಎಡ ಕೊಳವೆಯಿಂದ ನೀರು ಸರಾಗವಾಗಿ ಬಂತು. ಬಲಗಡೆ ಒಂದು ಹನಿಯೂ ಬೀಳಲಿಲ್ಲ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನ್ ದಾರವನ್ನು ತರುವಂತೆ ಅವರು ಎಡಗೈಯಿಂದ ಸನ್ನೆ ಮಾಡಿದರು. ತಂತಿಯಾದರೆ ಕೊಳವೆಯನ್ನು ತೂತು ಮಾಡೀತು. ಗಾಳಿಯನ್ನು ಜೋರಾಗಿ ಊದಿದರೆ ಒಳಗೆಲ್ಲೋ ಕೊಳವೆಯೇ ಕಳಚಿಕೊಂಡೀತು. ದಾರದ ತುದಿಯನ್ನು ಮೊಂಡು ಮಾಡಿ, ತಿರುಗಿಸುತ್ತ ತಿರುಗಿಸುತ್ತ ಇಳಿಸಿದೆ. ಬಹಳ ಹೊತ್ತಾದ ಮೇಲೆ ಕೆಳಗಿನಿಂದ ಕಪ್ಪು ಕೆಸರು ಹೊರಬಂತು. ಅದರೊಂದಿಗೆ ಬಂದದ್ದು ಮೇಪಲ್ ಮರದ ರೆಕ್ಕೆಯುಳ್ಳ ಬೀಜಗಳು. ನಮ್ಮ ಅಂಗಳದಲ್ಲಿ ವಸಂತದ ಕೊನೆಗೆ ಗಿರಗಿರನೆ ತಿರುಗುತ್ತ ಉದುರುವ ಆ ಬೀಜಗಳ ಚೆಲುವನ್ನು ನಾವೆಲ್ಲ ಮೆಚ್ಚಿಕೊಂಡಿದ್ದೆವು!

ಡಿಕ್ಕಿಯ ಕಥೆ ಬೇರೆಯಾಗಿತ್ತು. ಹಿಂದಿನ ಮೂಲೆಯಲ್ಲಿ ಎರೆದ ನೀರು ನೆಲಕ್ಕೆ ಬಾರದೆ ಡಿಕ್ಕಿಯೊಳಗೇ ಬಿತ್ತು. ಬದಿಯ ಹೊದಿಕೆಯನ್ನು ಬಿಚ್ಚಿದೆ. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಇವರು ಕುರ್ಚಿಯಿಂದ ಎದ್ದು, ನನ್ನ ಭುಜ ಹಿಡಿದು ಬಂದು, ಎಡಗೈಯನ್ನು ಸಂದಿಯೊಳಗೆ ತೂರಿಸಿ ತಡವಿದರು. “ಇಲ್ಲಿ ನೋಡು, ಕೊಳವೆ ಬಿರುಸಾಗಿ ಬಾಯಿಂದ ಕಳಚಿಕೊಂಡಿದೆ. ತುದಿ ಕತ್ತರಿಸಿ ಮತ್ತೆ ಕೂರಿಸು” ಎಂದರು. ಖಾಯಿಲೆ ಬಿದ್ದ ಮೇಲೆ ಅವರ ಬಾಯಿಂದ ಅಷ್ಟು ಉದ್ದದ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಕೊಳವೆಯ ತುದಿಯನ್ನು ಕತ್ತರಿಸಿ, ಬಿಸಿನೀರಿನ ಬಟ್ಟೆಯಿಂದ ಮೆದುಗೊಳಿಸಿ, ಸಣ್ಣ ಪಟ್ಟಿಯಿಂದ ಬಿಗಿದೆ. ಜಮಖಾನೆಯನ್ನು ಎತ್ತಿ, ಕೆಳಗಿನ ಹತ್ತಿಯಂಥ ಪದರಕ್ಕೆ ಎರಡು ವಾರ ಬೀಸಣಿಗೆಯ ಗಾಳಿ ಕೊಟ್ಟೆ. ಮೇಲ್ಭಾಗ ಒಣಗಿದಂತೆ ಕಂಡರೂ ಆ ಪದರ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೂಷ್ಟು ಹುಟ್ಟುವುದು ಅಲ್ಲೇ. ಕೆಲವು ಕಾರುಗಳಲ್ಲಿ ವಿದ್ಯುತ್ ತಂತಿಗಳೂ ನಿಯಂತ್ರಣ ಪೆಟ್ಟಿಗೆಗಳೂ ಅದರಡಿಯಲ್ಲೇ ಇರುವುದರಿಂದ ಸಣ್ಣ ಸೋರಿಕೆಯೂ ಕಡೆಗೆ ದೊಡ್ಡ ಖರ್ಚಾಗಿ ಪರಿಣಮಿಸಬಲ್ಲದು.

ಅದೇ ವರ್ಷದ ನವೆಂಬರಿನಲ್ಲಿ ಮತ್ತೊಂದು ಪರೀಕ್ಷೆ ಎದುರಾಯಿತು. ಮತ್ತೆ ನೀರು ಎರೆದು ನೋಡಲೆಂದು ತೆರೆದ ಗಾಜು ಅರ್ಧಕ್ಕೇ ನಿಂತುಬಿಟ್ಟಿತು. ಗುಂಡಿ ಒತ್ತಿದರೆ ಮೋಟಾರಿನ ಸದ್ದು ಮಾತ್ರ. ಮೋಟಾರು ಸದ್ದು ಮಾಡುತ್ತಿದೆಯೆಂದರೆ ಫ್ಯೂಸ್ ಹೋಗಿಲ್ಲವೆಂದು ಅರ್ಥ. ರಾತ್ರಿ ಹಿಮ ಬೀಳುವ ಸೂಚನೆಯಿತ್ತು. ಇವರು ಮೇಲಿನ ದೀಪದ ಮುಚ್ಚಳವನ್ನು ತೋರಿಸಿದರು. ಅದನ್ನು ಬಿಚ್ಚಿದರೆ ಒಳಗೆ ಆರು ಮೂಲೆಯ ಸಣ್ಣ ಕುಳಿ. ಅಲೆನ್ ಕೀಯನ್ನು ಅದರಲ್ಲಿಟ್ಟು ನಿಧಾನವಾಗಿ ತಿರುಗಿಸಿದರೆ ಗಾಜು ಕೂದಲೆಳೆಯಷ್ಟು, ಕೂದಲೆಳೆಯಷ್ಟು ಮುಂದಕ್ಕೆ ಸರಿಯಿತು. ಹಳೆಯ ಕಾರುಗಳಲ್ಲಿ ಅನೇಕಕ್ಕೆ ಈ ಸೌಕರ್ಯವುಂಟು. ಮೋಟಾರು ಸೋತರೂ ಕೈಯಿಂದ ಮುಚ್ಚಬಹುದು. ಬಿಸಿಲಿದ್ದ ಒಂದು ದಿನ ಹಳಿಗಳಲ್ಲಿ ಗಟ್ಟಿಯಾಗಿದ್ದ ಹಳೆಯ ಗ್ರೀಸನ್ನು ಒರೆಸಿ ತೆಗೆದು, ಹೊಸದನ್ನು ತೆಳ್ಳಗೆ ಸವರಿದೆವು. ರಬ್ಬರ್ ಪಟ್ಟಿಗೆ ಮಾತ್ರ ಸಿಲಿಕೋನ್ ಲೇಪವೇ ಆಗಬೇಕು. ಪೆಟ್ರೋಲಿಯಂ ಎಣ್ಣೆ ಅದನ್ನು ಕೆಡಿಸುತ್ತದೆ. ಹಿಮಗಟ್ಟಿದ ದಿನಗಳಲ್ಲಿ ಅದನ್ನು ತೆರೆಯುವ ಸಾಹಸ ಬೇಡವೆಂದು ಮನೆಯಲ್ಲಿ ಕಟ್ಟಳೆ ಮಾಡಿದ್ದೇವೆ.

ಇಡೀ ಕೆಲಸಕ್ಕೆ ತಗುಲಿದ್ದು ೪೦ ಡಾಲರಿನೊಳಗಿನ ವೆಚ್ಚ. ಉಳಿತಾಯದ ಹೆಮ್ಮೆಗಾಗಿ ಇದನ್ನು ಬರೆಯುತ್ತಿಲ್ಲ. ಪರಿಚಿತರೊಬ್ಬರು ಕಿಂಡಿಯ ಸುತ್ತ ಅಂಟು ಮೆತ್ತಿ ಅದನ್ನು ಶಾಶ್ವತವಾಗಿ ಮುಚ್ಚಿಬಿಡುವಂತೆ ಸಲಹೆ ನೀಡಿದ್ದರು. ಇವರಿಗೆ ಖಾಯಿಲೆಯಾದ ಮೇಲೆ ನಮ್ಮ ಮನೆಯಲ್ಲಿ ನಡೆದಿದ್ದದ್ದೂ ಅಂಥದೇ ಒಂದು ಉಪಾಯ. ಅತ್ತೆಯವರ ಮುಂದೆ ಮಗನ ಕೈಯ ಮಾತು ಎತ್ತುತ್ತಿರಲಿಲ್ಲ, ಮಕ್ಕಳ ಮುಂದೆ ಹಣದ ಮಾತು ಎತ್ತುತ್ತಿರಲಿಲ್ಲ, ಊರಿಗೆ ಫೋನು ಮಾಡಿದರೆ ಎಲ್ಲವೂ ಕ್ಷೇಮ. ದುಃಖವು ಒಳಗೆ ಇಳಿಯದಂತೆ ಎಲ್ಲ ಸಂದುಗಳಿಗೂ ಎಲ್ಲರೂ ಸೇರಿ ಅಂಟು ಮೆತ್ತಿದ್ದೆವು. ಅದು ಎಲ್ಲೋ ತುಂಬಿಕೊಂಡು, ಇನ್ನೆಲ್ಲೋ ತೊಟ್ಟಿಕ್ಕುತ್ತಿತ್ತು. ಗ್ಯಾರೇಜಿನ ಆ ವಾರಗಳಲ್ಲಿ ಇವರು ಮೊದಲ ಬಾರಿಗೆ ತಮ್ಮ ಕೈಯ ವಿಚಾರ ಮಾತನಾಡಿದರು. ನಾನೂ ಅತ್ತೆ, ಅವರೂ ಅತ್ತರು. ಬಾರದಂತೆ ತಡೆಯುವುದು ಒಂದು ವಿದ್ಯೆ. ಬಂದುದಕ್ಕೆ ದಾರಿ ಬಿಡುವುದು ಇನ್ನೊಂದು. ಪರದೇಶದಲ್ಲಿ ಮನೆ ಮಾಡಿದ ನಮಗೆ ಮೊದಲನೆಯದು ಚೆನ್ನಾಗಿ ಬರುತ್ತದೆ. ಎರಡನೆಯದನ್ನು ನಾವು ಇನ್ನೂ ಕಲಿಯಬೇಕಾಗಿದೆ.

ಸಮ್ಮೇಳನಕ್ಕೆ ದೂರದೂರದಿಂದ ಕಾರಿನಲ್ಲಿ ಬಂದಿರುವ ಸೋದರ ಸೋದರಿಯರಲ್ಲಿ ಒಂದು ವಿನಂತಿ. ನಿಮ್ಮ ಕಾರಿಗೂ ಇಂಥ ಕಿಂಡಿಯಿದ್ದರೆ ವರ್ಷಕ್ಕೆ ಎರಡು ಬಾರಿ, ಮೇಪಲ್ ಬೀಜ ಉದುರಿ ಮುಗಿದ ಮೇಲೊಮ್ಮೆ, ಶರತ್ಕಾಲದ ಎಲೆ ಉದುರಿ ಮುಗಿದ ಮೇಲೊಮ್ಮೆ, ದೋಣಿಯನ್ನು ಒರೆಸಿ, ಮೂಲೆಗೊಂದು ಲೋಟ ನೀರು ಎರೆದು ನೋಡಿ. ಸಾಧ್ಯವಾದರೆ ಆ ಕೆಲಸವನ್ನು ಒಬ್ಬರೇ ಮಾಡಬೇಡಿ. ಒಬ್ಬರು ಮೇಲೆ ಎರೆಯಲಿ, ಇನ್ನೊಬ್ಬರು ಕೆಳಗೆ ನೋಡುತ್ತಿರಲಿ.