ಪಿಚೋಲಾ ದಡಕ್ಕೆ ಮೈಸೂರಿನ ದಿಬ್ಬಣ

ಈಚೆಗೆ ಪಿಯುಸಿ ಮುಗಿಸಿದ ಮಗನನ್ನು ಕರೆದುಕೊಂಡು ಪರಿಚಯದವರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ‘ದೂರದ ಊರುಗಳಲ್ಲಿ ಮದುವೆ ಮಾಡಿಸೋ ಕೆಲಸ ಅಂತೀರಲ್ಲ, ಇವನಿಗೂ ಅದೇ ಆಸೆ. ಏನು ಓದಿಸಬೇಕು?’ ಎಂದು ಕೇಳಿದರು. ಪ್ರವಾಸೋದ್ಯಮದಲ್ಲಿ ಪದವಿಗಳಿವೆ, ಗ್ವಾಲಿಯರಿನಲ್ಲಿ ಕೇಂದ್ರ ಸರ್ಕಾರದ್ದೇ ಒಂದು ಸಂಸ್ಥೆ ಇದೆ ಎಂದು ಹೇಳಿದೆ. ಆಮೇಲೆ ಹುಡುಗನನ್ನು ಒಂದು ಮಾತು ಕೇಳಿದೆ: ‘ಮನೆಯಲ್ಲಿ ಅಜ್ಜಿ ಇದ್ದಾರೇನಪ್ಪ? ಅವರು ಒಂದೇ ಸಲಕ್ಕೆ ಎಷ್ಟು ಮೆಟ್ಟಿಲು ಹತ್ತುತ್ತಾರೆ?’ ಅವನು ಅಪ್ಪನ ಮುಖ ನೋಡಿದ. ಅಪ್ಪನಿಗೂ ಗೊತ್ತಿರಲಿಲ್ಲ.

ನನಗೂ ಗೊತ್ತಿರಲಿಲ್ಲ. ಉದಯಪುರದಲ್ಲಿ ಗೊತ್ತಾಯಿತು.

ಉದಯಪುರದ ಅರಮನೆಯ ಕೆಳಗೆ ರಾಮೇಶ್ವರ ಘಾಟಿನಲ್ಲಿ ನಿಂತರೆ ಪಿಚೋಲಾ ಸರೋವರದ ನಡುವೆ ಎರಡು ಬಿಳಿಯ ಕಟ್ಟಡಗಳು ನೀರಿನ ಮೇಲೆ ಯಾರೋ ಇಟ್ಟು ಹೋದಂತೆ ಕಾಣುತ್ತವೆ. ಒಂದು, ಈಗ ಹೋಟೆಲಾಗಿರುವ ಲೇಕ್ ಪ್ಯಾಲೇಸ್. ಇನ್ನೊಂದು ಜಗಮಂದಿರ. ಮೊಗಲ್ ರಾಜಕುಮಾರ ಖುರ್ರಂ ತಂದೆ ಜಹಾಂಗೀರನ ಮೇಲೆ ಬಂಡೆದ್ದು ಓಡಿಬಂದಾಗ ಮೇವಾಡದ ರಾಣಾ ಅವನಿಗೆ ಆಶ್ರಯ ಕೊಟ್ಟದ್ದು ಈ ಜಗಮಂದಿರದಲ್ಲಿ. ಆ ಖುರ್ರಂನೇ ಮುಂದೆ ಷಹಜಹಾನ್ ಆದ. ಈಗ ಅಲ್ಲಿ ಮದುವೆಗಳಾಗುತ್ತವೆ. 2004ರಲ್ಲಿ ನಟಿ ರವೀನಾ ಟಂಡನ್ ಮದುವೆಯಾದದ್ದು ಅಲ್ಲೇ. ನಮ್ಮ ಬ್ಯಾಡ್ಮಿಂಟನ್ ತಾರೆ ಪಿ.ವಿ. ಸಿಂಧು 2024ರ ಡಿಸೆಂಬರಿನಲ್ಲಿ ಹಸೆಮಣೆ ಏರಿದ್ದೂ ಇದೇ ಉದಯಪುರದಲ್ಲಿ. ಇಂಥ ಫೋಟೋ ನೋಡಿದ ಹೆಣ್ಣುಮಕ್ಕಳು ಮನೆಯಲ್ಲಿ ಹಟ ಹಿಡಿದರೆ ತಪ್ಪು ಹೇಳುವಂತಿಲ್ಲ.

ನನ್ನ ಬಳಿ ಬಂದ ಮೈಸೂರಿನ ಕುಟುಂಬಕ್ಕೆ ಹಟದ ಜೊತೆ ಕಾರಣವೂ ಇತ್ತು. ವರನ ಮನೆ ಅಹಮದಾಬಾದು. ಅಲ್ಲಿಂದ ಉದಯಪುರಕ್ಕೆ ರಸ್ತೆಯಲ್ಲಿ ಸುಮಾರು 250 ಕಿಲೋಮೀಟರ್. ನಮ್ಮ ಕಡೆಯಿಂದ ಹೊರಡುವವರು 64 ಜನ. ಮದುವೆಗೆ ಊರು ಬಿಟ್ಟು ಊರಿಗೆ ಹೋಗುವುದು ನಮಗೇನು ಹೊಸದೆ? ಕರಾವಳಿ, ಮಲೆನಾಡಿನ ಕಡೆ ದಿಬ್ಬಣ ಎಂದರೆ ಅದೇ ತಾನೆ? ಆದರೆ ಆ ದಿಬ್ಬಣ ಸಂಜೆಗೆ ಮನೆ ಸೇರುತ್ತಿತ್ತು. ಇದು ನಾಲ್ಕು ದಿನದ ದಿಬ್ಬಣ.

ಇಂಥ ತಂಡದ ಲೆಕ್ಕ ಶುರುವಾಗುವುದು ಹೆಸರಿನ ಪಟ್ಟಿಯಿಂದ. ಹೋಟೆಲಿನವರು ಇಷ್ಟು ಕೋಣೆ ಎಂದು ಕಾದಿರಿಸಿ ಕಂತಿನಲ್ಲಿ ಹಣ ಕೇಳುತ್ತಾರೆ. ಗೊತ್ತುಮಾಡಿದ ತಾರೀಕಿನೊಳಗೆ ಬೇಡ ಎಂದರೆ ಆ ಕೋಣೆಯ ಹೊರೆ ಇಳಿಯುತ್ತದೆ. ತಾರೀಕು ದಾಟಿದರೆ ಖಾಲಿ ಕೋಣೆಗೂ ಬಾಡಿಗೆ ತೆರಬೇಕು. ‘ಬರ್ತೀವಿ, ಬರ್ತೀವಿ’ ಎಂದು ಕೊನೆಗೆ ಬಾರದ ಸೋದರಮಾವಂದಿರು ಹುಡುಗಿಯ ತಂದೆಗೆ ಎಷ್ಟು ದುಬಾರಿಯಾಗುತ್ತಾರೆಂಬುದನ್ನು ನಾನು ಬಲ್ಲೆ.

ಈ ವಿಷಯದಲ್ಲಿ ನಮ್ಮ ರೈಲ್ವೆ ಇಲಾಖೆಗೆ ಮನುಷ್ಯ ಸ್ವಭಾವ ಚೆನ್ನಾಗಿ ತಿಳಿದಿದೆ. ಕಾದಿರಿಸಿದ ಟಿಕೆಟ್ಟಿನಲ್ಲಿ ಹೆಸರು ಬದಲಿಸಲು ಅವಕಾಶ ಕಡಿಮೆ. ಆದರೆ ‘ಮದುವೆ ತಂಡ’ ಎಂಬುದನ್ನು ಅದರ ನಿಯಮಾವಳಿ ಬೇರೆಯಾಗಿಯೇ ಗುರುತಿಸುತ್ತದೆ: ತಂಡದ ಹಿರಿಯರು ರೈಲು ಹೊರಡುವ 48 ಗಂಟೆ ಮುಂಚೆ ಬರೆದುಕೊಟ್ಟರೆ ನೂರಕ್ಕೆ ಹತ್ತರಷ್ಟು ಹೆಸರುಗಳನ್ನು ಒಂದು ಸಲ ಬದಲಿಸಬಹುದು. ಶಾಲಾ ಕಾಲೇಜುಗಳ ತಂಡಕ್ಕೂ ಹೀಗೊಂದು ಸೌಲಭ್ಯವಿದೆ. ಮಕ್ಕಳನ್ನು ಪ್ರವಾಸಕ್ಕೆ ಕಳಿಸುವ ತಂದೆತಾಯಿಗಳು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಮೈಸೂರಿನಿಂದ ಉದಯಪುರಕ್ಕೆ ವಾರಕ್ಕೊಮ್ಮೆ ಹಮ್‌ಸಫರ್ ರೈಲಿದೆ, ಎರಡು ರಾತ್ರಿಯ ಪ್ರಯಾಣ. ನಮ್ಮ ಅಡಿಗೆಯವರು ಸೌಟು, ಬಾಣಲೆ, ಹುಳಿಪುಡಿಯ ಡಬ್ಬಗಳೊಂದಿಗೆ ಅದರಲ್ಲಿ ಹೊರಟರು.

ತಾಂಬೂಲಕ್ಕೆಂದು ತಂದಿದ್ದ ಕೊಬ್ಬರಿ ಬಟ್ಟಲುಗಳನ್ನೂ ಅವರ ಕೈಲೇ ಕಳಿಸಬೇಕಿತ್ತು. ಒಣ ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು, ತಾನಾಗಿ ಕಾವೇರಿ ಹೊತ್ತಿಕೊಳ್ಳಬಹುದೆಂದು ಅದನ್ನು ವಿಮಾನದ ಸಾಮಾನಿನಲ್ಲಿ ಬಿಡುವುದಿಲ್ಲ. ಬೆಂಗಳೂರಿನ ನಿಲ್ದಾಣದಲ್ಲಿ ಎರಡು ಚೀಲ ಕೊಬ್ಬರಿ ಬಿಟ್ಟುಹೋದ ಮೇಲೆ ನನಗೆ ಆ ನಿಯಮ ಬಾಯಿಪಾಠವಾಯಿತು.

ಪುರೋಹಿತರದು ಇನ್ನೊಂದು ಲೆಕ್ಕ. ಮೈಸೂರಿಗಿಂತ ಉದಯಪುರ ಸುಮಾರು ಮೂರು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ಅಲ್ಲಿ ನೆತ್ತಿಗೆ ಬರುವುದು ಹನ್ನೆರಡು ನಿಮಿಷ ತಡ. ಅಕ್ಷಾಂಶವೂ ಬೇರೆ. ಮೈಸೂರಿಗೆಂದು ಗುಣಿಸಿದ ಲಗ್ನ ಅಲ್ಲಿಗೆ ಒಪ್ಪದು. ಭೂಗೋಳದ ಪುಸ್ತಕದಲ್ಲಿ ರೇಖಾಂಶದ ಪಾಠ ಯಾಕೆ ಇದೆ ಎಂದು ಕೇಳುವ ಮಕ್ಕಳಿಗೆ ನಾನು ಈ ಕಥೆ ಹೇಳುವುದುಂಟು.

ಇಷ್ಟೆಲ್ಲ ಲೆಕ್ಕ ಹಾಕಿದ ನಾನು ಒಂದನ್ನು ಮರೆತಿದ್ದೆ. ಧಾರೆ ಜಗಮಂದಿರದಲ್ಲಿ. ಅಲ್ಲಿಗೆ ದೋಣಿಯ ಹೊರತು ಬೇರೆ ದಾರಿಯಿಲ್ಲ. ಹುಡುಗಿಯ ಅಜ್ಜಿಗೆ 81 ವರ್ಷ, ಎರಡೂ ಮೊಣಕಾಲು ನೋವು. ಘಾಟಿನ ತನಕ ಮೊಮ್ಮಗನ ತೋಳು ಹಿಡಿದು ಬಂದರು. ಒಂದು ಕಾಲೆತ್ತಿ ದೋಣಿಗಿಡುವಷ್ಟರಲ್ಲಿ ದೋಣಿ ಒಂದು ಗೇಣು ಸರಿಯಿತು. ಅಜ್ಜಿ ಕಾಲು ಹಿಂದಕ್ಕೆ ತೆಗೆದುಕೊಂಡರು. ಮತ್ತೆ ಪ್ರಯತ್ನ, ಮತ್ತೆ ಅದೇ. ಎತ್ತಿ ಕೂರಿಸುತ್ತೇವೆ ಎಂದು ಇಬ್ಬರು ಮುಂದೆ ಬಂದರೆ, ‘ಬೇಡ ಕಣ್ರಪ್ಪಾ, ಮುಹೂರ್ತ ಮೀರತ್ತೆ. ನೀವು ಹೋಗಿ’ ಎಂದು ಘಾಟಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು.

ಹುಡುಗಿಯ ತಂದೆ ನನ್ನನ್ನು ಒಮ್ಮೆ ನೋಡಿ ದೋಣಿ ಹತ್ತಿದರು. ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ನಾನು ಅಜ್ಜಿಯ ಜೊತೆ ಉಳಿದೆ. ಮೊಬೈಲಿನಲ್ಲಿ ತೋರಿಸಲು ಹೋದರೆ ಚಿತ್ರ ನಿಂತು ನಿಂತು ಬಂತು. ‘ಅದನ್ನ ತೆಗೆದಿಡು, ತಲೆ ಸುತ್ತತ್ತೆ’ ಎಂದರು. ಗಟ್ಟಿಮೇಳದ ಸದ್ದು ಗಾಳಿಯ ಜೊತೆ ಬಂದು ಬಂದು ಹೋಯಿತು. ಅದು ಜೋರಾದ ಗಳಿಗೆಯಲ್ಲಿ ಅಜ್ಜಿ ಎದ್ದು ನಿಂತರು. ಬೆಳಗಿನಿಂದ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಿದ್ದ ಅಕ್ಷತೆಯನ್ನು ಬಿಚ್ಚಿ ಆ ಬಿಳಿಯ ಕಟ್ಟಡದ ಕಡೆಗೆ ತಿರುಗಿ ನೀರಿಗೆ ಹಾಕಿದರು.

ಮೂರು ವರ್ಷದ ಮೇಲೆ ಅದೇ ಮನೆಯ ಎರಡನೆಯ ಹುಡುಗಿಗೆ ಶಿವಮೊಗ್ಗದ ಸಂಬಂಧ ಕೂಡಿಬಂತು. ಅವಳಿಗೂ ಉದಯಪುರವೇ ಆಗಬೇಕು. ಅವರು ಮತ್ತೆ ನನ್ನ ಬಳಿಗೇ ಬಂದದ್ದು ನನಗೆ ಇಂದಿಗೂ ಆಶ್ಚರ್ಯ. ಹಣದ ವಿಚಾರದಲ್ಲಿ ಈ ಸಲ ಪಂಚಾಂಗ ನಮ್ಮ ಕೈ ಹಿಡಿಯಿತು. ಉತ್ತರದವರು ಚಾತುರ್ಮಾಸದಲ್ಲಿ, ಎಂದರೆ ಆಷಾಢದ ಏಕಾದಶಿಯಿಂದ ಕಾರ್ತಿಕದ ಏಕಾದಶಿಯ ತನಕ, ಮದುವೆ ಮಾಡುವುದಿಲ್ಲ. ಕಾರ್ತಿಕ ಏಕಾದಶಿ ಬಂತೋ, ಕೋಣೆಗಳ ದರ ಗಗನಕ್ಕೇರುತ್ತದೆ. ಅಕ್ಕನ ಮದುವೆ ಆ ನೂಕುನುಗ್ಗಲಿನಲ್ಲೇ ಆಗಿತ್ತು. ನಮ್ಮಲ್ಲಿ ಆಷಾಢ ಕಳೆದರೆ ಸಾಕು, ಶ್ರಾವಣದಲ್ಲಿ ಮುಹೂರ್ತಗಳಿವೆ. ಎರಡೂ ಕಡೆಯವರು ಕನ್ನಡಿಗರಾದ್ದರಿಂದ ಶ್ರಾವಣಕ್ಕೇ ಗೊತ್ತುಮಾಡಿದೆವು. ಹೋಟೆಲಿನವರು ಅಚ್ಚರಿಪಟ್ಟರು, ದರವನ್ನೂ ಇಳಿಸಿದರು. ಮಳೆಯ ಭಯವಿತ್ತು, ನಿಜ. ಆದರೆ ಮರುಭೂಮಿಯ ರಾಜ್ಯವೆಂದು ನಾವು ತಿಳಿದಿರುವ ರಾಜಸ್ಥಾನದ ಈ ಮೂಲೆಯಲ್ಲಿ ಅರಾವಳಿ ಬೆಟ್ಟಗಳು ಹಸಿರಾಗುವುದು, ಕೆರೆಗಳು ತುಂಬುವುದು ಆಗಲೇ.

ಸ್ಥಳ ನೋಡಲು ನಾನು ಮುಂಚಿತವಾಗಿ ಹೋದ ದಿನ ನಮ್ಮ ಭೀಮನ ಅಮಾವಾಸ್ಯೆ. ಅಲ್ಲಿ ಅದು ಹರಿಯಾಲಿ ಅಮಾವಾಸ್ಯೆ. ಫತೇಸಾಗರದ ದಂಡೆಯಲ್ಲೂ ಸಹೇಲಿಯೋಂ ಕಿ ಬಾರಿ ಉದ್ಯಾನದಲ್ಲೂ ಎರಡು ದಿನ ಜಾತ್ರೆ. ಎರಡನೆಯ ದಿನದ ಜಾತ್ರೆ ಹೆಂಗಸರಿಗೆ ಮಾತ್ರ. ಗಂಡಸಾದ ನಾನು ಆ ದಿನ ಹೋಟೆಲು ಹೋಟೆಲು ತಿರುಗಿ ಮೆಟ್ಟಿಲು ಎಣಿಸಿದೆ. ಬಚ್ಚಲಿನ ಹೊಸ್ತಿಲಿನ ಎತ್ತರವನ್ನು ಟೇಪು ಹಿಡಿದು ಅಳೆದೆ. 1651ರ ಜಗದೀಶ ಮಂದಿರಕ್ಕೆ 32 ಮೆಟ್ಟಿಲು. ಪಟ್ಟಿಯಲ್ಲಿ ಅದರ ಮುಂದೆ ‘ಅಜ್ಜಿಗೆ ಬೇಡ’ ಎಂದು ಬರೆದುಕೊಂಡೆ. ನೀರು ದಾಟಬೇಕಿಲ್ಲದ, ಕಾರು ಮಂಟಪದ ಬದಿಗೇ ಬಂದು ನಿಲ್ಲುವ ಒಂದು ತೋಟದ ಹೋಟೆಲು ಸಿಕ್ಕಿತು. ಫೋಟೋದಲ್ಲಿ ಏನೂ ವಿಶೇಷವಿಲ್ಲ. ಹುಡುಗಿ ಸ್ವಲ್ಪ ಮುಖ ಸಣ್ಣದು ಮಾಡಿಕೊಂಡು ಒಪ್ಪಿದಳು.

ಧಾರೆಯ ಹೊತ್ತಿಗೆ ಮಳೆ ಹಿಡಿಯಿತು. ಮೇಲೆ ಚಪ್ಪರದ ಹೊದಿಕೆ ಭದ್ರವಾಗಿತ್ತು. ಅಜ್ಜಿ ಮೊದಲ ಸಾಲಿನ ಕುರ್ಚಿಯಲ್ಲಿ ಕೂತು, ಅಕ್ಷತೆಯನ್ನು ಎಲ್ಲರಿಗಿಂತ ಮುಂಚೆಯೇ ಹಾಕಿ ಪುರೋಹಿತರಿಂದ ಗದರಿಸಿಕೊಂಡರು.

ಮಾರನೆಯ ದಿನ ಮಳೆ ಬಿಟ್ಟಿತ್ತು. ಅರಮನೆ ನೋಡಲು ಹೋದಾಗ ಗಾಲಿಕುರ್ಚಿಯನ್ನು ಸರೋವರ ಕಾಣುವ ಕಡೆಗೆ ತಿರುಗಿಸಿ ನಿಲ್ಲಿಸಿದೆ.

‘ಅಲ್ಲೇನಪ್ಪಾ, ನಮ್ಮ ದೊಡ್ಡವಳ ಮದುವೆ ಆಗಿದ್ದು?’

‘ಹೌದಜ್ಜಿ.’

ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

‘ಅಷ್ಟೇನೂ ದೂರ ಇಲ್ವಲ್ಲೋ’ ಎಂದರು.