ಡೆಸ್ಕ್‌ಟಾಪಾ, ಬರೀ ವಿಂಡೋ ಮ್ಯಾನೇಜರಾ?

(ಭಾಗ 1/4)
ಲಿನಕ್ಸ್ ಹಾಕ್ಕೊಂಡು ಒಂದೆರಡು ತಿಂಗಳಾದ ಮೇಲೆ ಈ ಪ್ರಶ್ನೆ ಬಂದೇ ಬರತ್ತೆ. ಪಕ್ಕದವರ ಲ್ಯಾಪ್‌ಟಾಪ್ ನೋಡ್ತೀರಿ: ಐಕಾನ್ ಇಲ್ಲ, ಮೆನು ಇಲ್ಲ, ಮೌಸ್ ಮುಟ್ಟೋದೇ ಇಲ್ಲ. ಒಂದು ಕೀ ಒತ್ತಿದ್ರೆ ಟರ್ಮಿನಲ್, ಇನ್ನೊಂದು ಒತ್ತಿದ್ರೆ ಪಕ್ಕದಲ್ಲೇ ಬ್ರೌಸರ್. ಎರಡೂ ಪರದೆಯನ್ನು ಅರ್ಧರ್ಧ ಹಂಚಿಕೊಂಡು ಕೂತಿರತ್ತೆ. ನಂದೂ ಹೀಗೇ ಮಾಡ್ಕೋಬೇಕು ಅನ್ಸತ್ತೆ. ಮಾಡ್ಕೊಳ್ಳಿ. ಆದ್ರೆ ಅದಕ್ಕೂ ಮುಂಚೆ ನೀವು ಆರಿಸ್ತಿರೋದು ಏನನ್ನ ಅಂತ ಗೊತ್ತಿರಲಿ.

ವಿಂಡೋ ಮ್ಯಾನೇಜರ್‌ಗೆ ಇರೋದು ಒಂದೇ ಕೆಲಸ: ಯಾವ ವಿಂಡೋ ಎಲ್ಲಿ, ಎಷ್ಟು ದೊಡ್ಡದಾಗಿ ಇರಬೇಕು, ಈಗ ಕೀಬೋರ್ಡ್ ಯಾವುದರ ಕೈಲಿದೆ ಅಂತ ನೋಡ್ಕೊಳ್ಳೋದು. ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್ ಅಂದ್ರೆ ಅದರ ಜೊತೆ ಇಡೀ ಸಂಸಾರ: ಸೆಟ್ಟಿಂಗ್ಸ್, ಪ್ಯಾನೆಲ್, ಫೈಲ್ ಮ್ಯಾನೇಜರ್, ನೋಟಿಫಿಕೇಶನ್, ಸ್ಕ್ರೀನ್ ಲಾಕ್. ಗ್ನೋಮ್ ಒಳಗೂ ಮಟ್ಟರ್ ಅನ್ನೋ ವಿಂಡೋ ಮ್ಯಾನೇಜರ್ ಇದೆ, ಕೆಡಿಇ ಪ್ಲಾಸ್ಮಾ ಒಳಗೆ ಕೆವಿನ್ ಇದೆ. ಅಂದ್ರೆ ವಿಂಡೋ ಮ್ಯಾನೇಜರ್ ಎರಡು ಕಡೆನೂ ಇದೆ. ಉಳಿದ ಸಂಸಾರ ಯಾರು ನಡೆಸ್ತಾರೆ ಅನ್ನೋದೇ ಪ್ರಶ್ನೆ.

(ಭಾಗ 2/4)
ಈ ಸಂಸಾರ ಹುಟ್ಟಿದ್ದಕ್ಕೆ ಕಾರಣ ಇದೆ. 1996ರ ಅಕ್ಟೋಬರ್‌ನಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಚ್ ಕೆಡಿಇ ಶುರು ಮಾಡಿದಾಗ ಅವರೂ ನಮ್ಮ ಹಾಗೆ ವಿದ್ಯಾರ್ಥಿ. ಆಗ ಲಿನಕ್ಸ್‌ನಲ್ಲಿ ಒಂದೊಂದು ಪ್ರೋಗ್ರಾಂ ಒಂದೊಂದು ಥರ ಕಾಣ್ತಿತ್ತು, ಒಂದೊಂದು ಥರ ನಡ್ಕೊಳ್ತಿತ್ತು. ಸಾಮಾನ್ಯ ಜನರೂ ಬಳಸೋ ಹಾಗೆ ಎಲ್ಲಾ ಒಂದೇ ರೀತಿ ಇರಲಿ ಅನ್ನೋದು ಅವರ ಆಸೆ. ಮರುವರ್ಷ, 1997ರಲ್ಲಿ, ಗ್ನೋಮ್ ಶುರುವಾಯ್ತು.

ಇನ್ನೊಂದು ದಾರಿ ಇದಕ್ಕೆ ಪೂರ್ತಿ ವಿರುದ್ಧ. 2006ರಲ್ಲಿ ಬಂದ ಡಿಡಬ್ಲ್ಯೂಎಂ ನೋಡಿ. ಸೋರ್ಸ್ ಕೋಡ್ 2000 ಸಾಲು ದಾಟಬಾರದು ಅನ್ನೋದು ಅದನ್ನ ಮಾಡಿದವರ ನಿಯಮ. ಸೆಟ್ಟಿಂಗ್ಸ್ ಪುಟ ಅಂತ ಒಂದಿಲ್ಲ. ಬಣ್ಣ ಬದಲಿಸ್ಬೇಕಾ? ಸಿ ಫೈಲ್ ತಿದ್ದಿ, ಮತ್ತೆ ಕಂಪೈಲ್ ಮಾಡಿ. 2009ರ ಐ3 ಇಷ್ಟು ಕಟ್ಟುನಿಟ್ಟಲ್ಲ, ಅದಕ್ಕೊಂದು ಸರಳ ಟೆಕ್ಸ್ಟ್ ಫೈಲ್ ಸಾಕು. ಸ್ವೇ ಅಂದ್ರೆ ಅದೇ ಐ3 ರೀತಿ, ವೇಲ್ಯಾಂಡ್ ಮೇಲೆ.

ಮೆಸ್ ಊಟಕ್ಕೂ ರೂಮಲ್ಲಿ ಸ್ವಂತ ಅಡುಗೆಗೂ ಇರೋ ವ್ಯತ್ಯಾಸ ಅಂದ್ಕೊಳ್ಳಿ. ಮೆಸ್‌ನಲ್ಲಿ ಸಾರಿಗೆ ಎಷ್ಟು ಉಪ್ಪು ಅಂತ ಭಟ್ಟರೇ ತೀರ್ಮಾನಿಸ್ತಾರೆ. ಸ್ವಂತ ಅಡುಗೆಯಲ್ಲಿ ಉಪ್ಪು ನಿಮ್ದೇ, ಆದ್ರೆ ರಾತ್ರಿ ಗ್ಯಾಸ್ ಖಾಲಿಯಾದ್ರೆ ಅದೂ ನಿಮ್ದೇ.

(ಭಾಗ 3/4)
ಹಾಗಾದ್ರೆ ಗ್ಯಾಸ್ ಎಲ್ಲೆಲ್ಲಿ ಖಾಲಿಯಾಗತ್ತೆ?

🔒 ಬೀಗ: ಲ್ಯಾಪ್‌ಟಾಪ್ ಮುಚ್ಚಿದ್ರೆ ಅದು ನಿದ್ದೆಗೆ ಹೋಗತ್ತೆ. ಆದ್ರೆ ತೆರೆದಾಗ ಪಾಸ್‌ವರ್ಡ್ ಕೇಳ್ಬೇಕು ಅಂದ್ರೆ ಲಾಕ್ ಮಾಡೋ ಪ್ರೋಗ್ರಾಂ ಬೇರೆ ಬೇಕು. ಐ3 ಜೊತೆ ಬರೋ ಕಾನ್ಫಿಗ್‌ನಲ್ಲಿ ಇದಕ್ಕೆ ಸಾಲು ಇರತ್ತೆ, ಆದ್ರೆ ಆ ಪ್ರೋಗ್ರಾಂ ಇನ್‌ಸ್ಟಾಲ್ ಆಗಿರಬೇಕಲ್ವಾ? ಡಿಡಬ್ಲ್ಯೂಎಂನಲ್ಲಿ ಅದೂ ಇಲ್ಲ. ಹಾಸ್ಟೆಲ್‌ನಲ್ಲಿ ಇರೋರಿಗೆ ಇದು ಸಣ್ಣ ವಿಷಯ ಅಲ್ಲ.

🎥 ಸ್ಕ್ರೀನ್ ಶೇರ್: ಸ್ವೇ, ಹೈಪರ್‌ಲ್ಯಾಂಡ್ ಥರದವಕ್ಕೆ ಹೊಂದೋ ಡೆಸ್ಕ್‌ಟಾಪ್ ಪೋರ್ಟಲ್ ಹಾಕದೇ ಇದ್ರೆ ಬ್ರೌಸರ್‌ನಿಂದ ಪರದೆ ತೋರಿಸೋಕಾಗಲ್ಲ. ಇದು ಆನ್‌ಲೈನ್ ಇಂಟರ್‌ವ್ಯೂ ನಡುವೆ ಗೊತ್ತಾಗಬಾರದು.

🔋 ಬ್ಯಾಟರಿ: ‘ಇನ್ನು ಹತ್ತೇ ಪರ್ಸೆಂಟ್ ಇದೆ’ ಅಂತ ಹೇಳೋಕೂ ಒಂದು ಪ್ರೋಗ್ರಾಂ ಓಡ್ತಾ ಇರಬೇಕು. ಆ ಮೆಸೇಜ್ ತೋರಿಸೋಕೆ ಇನ್ನೊಂದು.

⌨️ ಕನ್ನಡ: ಗ್ನೋಮ್‌ನಲ್ಲಿ ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟಕ್ಕೆ ಹೋಗಿ ಕನ್ನಡ ಸೇರಿಸಿದ್ರೆ ಮುಗೀತು. ಐ3ನಲ್ಲಿ ಐಬಸ್ ಅಥವಾ ಎಫ್‌ಸಿಐಟಿಎಕ್ಸ್ ಅನ್ನು ನೀವೇ ಹಾಕಿ, ಲಾಗಿನ್ ಆದಾಗ ತಾನಾಗೇ ಶುರುವಾಗೋ ಹಾಗೆ ಕಾನ್ಫಿಗ್‌ನಲ್ಲಿ ಬರೀಬೇಕು. ಬರೀ ಕಗಪ ಲೇಔಟ್ ಸಾಕು ಅನ್ನೋರಿಗೆ ಐಬಸ್ಸೂ ಬೇಡ, ಒಂದೇ ಸಾಲಲ್ಲಿ ಕೆಲಸ ಆಗತ್ತೆ.

ಇದ್ಯಾವುದೂ ಕಷ್ಟ ಅಲ್ಲ. ಒಂದೊಂದನ್ನೂ ಕೂರಿಸುವಾಗ ಕಂಪ್ಯೂಟರ್ ಒಳಗೆ ಯಾವ ಭಾಗ ಏನು ಮಾಡತ್ತೆ ಅಂತ ಗೊತ್ತಾಗತ್ತೆ. ಲ್ಯಾಬ್ ಮ್ಯಾನುವಲ್‌ನಲ್ಲಿ ಅದು ಸಿಗಲ್ಲ. ಒಮ್ಮೆ ಬರೆದ ಕಾನ್ಫಿಗ್ ಫೈಲನ್ನ ಹೊಸ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿದ್ರೆ ನಿಮ್ಮ ಶಾರ್ಟ್‌ಕಟ್‌ಗಳೆಲ್ಲಾ ಹಿಂದೆಯೇ ಬರತ್ತೆ. ಆದ್ರೆ ಇದಕ್ಕೆ ಹೋಗೋದು ನಿಮ್ಮ ಸಂಜೆಗಳು. ಆ ಸಂಜೆಗಳು ನಿಮ್ಮ ಹತ್ರ ಇದೆಯಾ ನೋಡ್ಕೊಳ್ಳಿ.

(ಭಾಗ 4/4)
‘ರ್‍ಯಾಮ್ ಉಳಿಯತ್ತೆ’ ಅನ್ನೋ ಮಾತು? ನಿಜ, ಆದ್ರೆ ಅರ್ಧ ನಿಜ. 4 ಜಿಬಿ ಹಳೇ ಲ್ಯಾಪ್‌ಟಾಪ್‌ನಲ್ಲಿ ಉಳಿಯೋ ಕೆಲವು ನೂರು ಎಂಬಿ ಚೆನ್ನಾಗೇ ಗೊತ್ತಾಗತ್ತೆ. 16 ಜಿಬಿ ಇದ್ರೆ ಗೊತ್ತೂ ಆಗಲ್ಲ. ಎರಡರಲ್ಲೂ ಹೆಚ್ಚು ತಿನ್ನೋದು ನೀವು ತೆರೆದಿಟ್ಟ ಬ್ರೌಸರ್ ಟ್ಯಾಬ್‌ಗಳು, ಅದನ್ನ ಯಾವ ವಿಂಡೋ ಮ್ಯಾನೇಜರೂ ಕಮ್ಮಿ ಮಾಡಲ್ಲ. ನಂಬಿಕೆ ಇಲ್ಲಾಂದ್ರೆ ‘ಫ್ರೀ’ ಕಮಾಂಡ್ ಕೊಟ್ಟು ಬ್ರೌಸರ್ ತೆರೆಯೋ ಮುಂಚೆ ಒಮ್ಮೆ, ತೆರೆದ ಮೇಲೆ ಒಮ್ಮೆ ನೋಡಿ.

ನಡುವಿನ ದಾರಿಗಳೂ ಇವೆ. ಹಳೇ ಮಷೀನ್‌ಗೆ ಎಕ್ಸ್‌ಎಫ್‌ಸಿಇ: ಹಗುರ, ಆದ್ರೂ ಸಂಸಾರ ಪೂರ್ತಿ. ಟೈಲಿಂಗ್ ಮಾತ್ರ ಬೇಕು ಅನ್ನೋರು ಪ್ಲಾಸ್ಮಾದಲ್ಲೇ ಇರಿ. 2023ರ 5.27 ಆವೃತ್ತಿಯಿಂದ ಮೆಟಾ ಮತ್ತು ಟಿ ಒತ್ತಿದ್ರೆ ಪರದೆಯನ್ನು ಬೇಕಾದ ಹಾಗೆ ಭಾಗ ಮಾಡ್ಕೋಬಹುದು.

ನನ್ನ ಸಲಹೆ ಕೇಳಿದ್ರೆ, ಇರೋದು ಒಂದೇ ಲ್ಯಾಪ್‌ಟಾಪ್ ಅಂದ್ರೆ ಡೆಸ್ಕ್‌ಟಾಪ್ ತೆಗೀಬೇಡಿ. ಪಕ್ಕದಲ್ಲೇ ಐ3 ಅಥವಾ ಸ್ವೇ ಹಾಕಿ. ಲಾಗಿನ್ ಪರದೆಯಲ್ಲಿ ಯಾವ ಸೆಶನ್ ಅಂತ ಆರಿಸೋಕೆ ಆಗತ್ತೆ. ಓದೋಕೆ, ಕೋಡ್ ಬರೆಯೋಕೆ ಅಲ್ಲಿಗೆ ಹೋಗಿ. ಇಂಟರ್‌ವ್ಯೂ, ಪ್ರೆಸೆಂಟೇಶನ್, ಪ್ರೊಜೆಕ್ಟರ್ ಇದ್ದ ದಿನ ಡೆಸ್ಕ್‌ಟಾಪ್‌ಗೆ ಬನ್ನಿ. ಇಂಟರ್ನಲ್ಸ್ ವಾರದಲ್ಲಿ ಮಾತ್ರ ಹೊಸದೇನೂ ಹಾಕೋಕೆ ಹೋಗ್ಬೇಡಿ.

ಇವತ್ತೇ ಒಂದು ಕೆಲಸ ಮಾಡಿ. ವೈಫೈ, ಬ್ಲೂಟೂತ್, ವಾಲ್ಯೂಮ್, ಬೆಳಕು, ಲಾಕ್, ಪೆನ್‌ಡ್ರೈವ್, ಪ್ರಿಂಟರ್, ಸ್ಕ್ರೀನ್‌ಶಾಟ್, ಕನ್ನಡ ಟೈಪಿಂಗ್: ಇದರಲ್ಲಿ ಒಂದು ದಿನಕ್ಕೆ ನೀವು ಎಷ್ಟು ಮುಟ್ತೀರಿ ಅಂತ ಹಾಳೆ ಮೇಲೆ ಬರೀರಿ. ಪ್ರತಿಯೊಂದರ ಮುಂದೆ ‘ನಾನೇ ನೋಡ್ಕೊಳ್ತೀನಿ’ ಅಥವಾ ‘ನಂಗೆ ಪುರುಸೊತ್ತಿಲ್ಲ’ ಅಂತ ಹಾಕಿ. ಯಾವುದು ಜಾಸ್ತಿ ಬಂತು, ಕೆಳಗೆ ಹೇಳಿ.

#ಲಿನಕ್ಸ್ #ಕನ್ನಡದಲ್ಲಿ_ಟೆಕ್ #ವಿಂಡೋಮ್ಯಾನೇಜರ್