ಮಾಂಜಿಯ ಊಟ

ರಾಂಪಣಿ ಬಲೆ ಎಳೆಯುವುದನ್ನು ನಾನು ಕಂಡದ್ದು ಅದರ ಕೊನೆಗಾಲದಲ್ಲಿ. 1970ರ ದಶಕದ ನಡುವೆ ವಿಜ್ಞಾನದ ಮೇಷ್ಟ್ರಾಗಿ ಕಾರವಾರಕ್ಕೆ ಹೋದೆ. ಹಿರಿಯೂರು ತಾಲ್ಲೂಕಿನ ಆದಿವಾಲದವನಾದ ನನಗೆ ಅಲ್ಲಿಯವರೆಗೆ ಮೀನು ಅಂದರೆ ಮಾರಿಕಣಿವೆಯ ಮೀನು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟೆಯ ಕಾಲುವೆ ನೀರಿಗೆ ನಮ್ಮ ಕಡೆಯ ತೆಂಗು, ಅಡಿಕೆ. ಹಿನ್ನೀರಿನಲ್ಲಿ ಕಾಟ್ಲಾ, ಕೊರವ. ತೂಕ ಹಾಕಿ, ಲೆಕ್ಕ ಮಾಡಿ ಕೊಳ್ಳುವ ಮೀನು. ಕಾರವಾರದಲ್ಲಿ ನೋಡಿದರೆ ತಾರ್ಲೆ, ಅಂದರೆ ಬೂತಾಯಿ ಮೀನಿನ ಸುಗ್ಗಿಯಲ್ಲಿ ತಿಂದು, ಮಾರಿ, ಒಣಗಿಸಿ ಮಿಕ್ಕಿದ್ದನ್ನು ಬುಟ್ಟಿಗಟ್ಟಲೆ ತೆಂಗಿನ ಬುಡಕ್ಕೆ ಸುರಿಯುತ್ತಿದ್ದರು. ಊರಿಗೆ ಹೋದಾಗ ಅಣ್ಣನಿಗೆ ಹೇಳಿದರೆ, 'ಸುಳ್ಳಿಗೂ ಒಂದು ಮಿತಿ ಬೇಕಪ್ಪ' ಅಂದಿದ್ದ.

ರಾಂಪಣಿ ಸಣ್ಣ ಬಲೆಯಲ್ಲ. ದೋಣಿಯಲ್ಲಿ ಕೊಂಡೊಯ್ದು ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟರೆ ಕಿಲೋಮೀಟರಿನ ಮೇಲೂ ಹೋಗುತ್ತಿತ್ತು. ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತ ಜನ ಎಳೆಯಬೇಕು. ಹತ್ತಿಪ್ಪತ್ತು ಜನರ ಕೆಲಸ ಅಲ್ಲ ಅದು, ಕೇರಿಗೆ ಕೇರಿಯೇ ಹಗ್ಗಕ್ಕೆ ನಿಲ್ಲುತ್ತಿತ್ತು. ಮೀನು ಸಿಕ್ಕಿದರೆ ಬಲೆಗೆ, ದೋಣಿಗೆ, ಆಳಿಗೆ ಪಾಲು. ದಾರಿಯಲ್ಲಿ ಹೋಗುತ್ತಿದ್ದವನು ಕೈಹಚ್ಚಿದರೂ ನಾಲ್ಕು ಬಂಗಡೆ ಸಿಗುತ್ತಿತ್ತು. ಸಂಬಳ ಬರುವ ಮುಂಚಿನ ವಾರದಲ್ಲಿ ನಾನೂ ಕೈಹಚ್ಚಿದ್ದುಂಟು.

ಲೋಳೆ ಮೀನನ್ನು, ಪೇಟೆಯವರು ಜೆಲ್ಲಿ ಫಿಶ್ ಅನ್ನುವುದನ್ನು, ಮೊದಲು ಕಂಡದ್ದೂ ಆ ಬಲೆಯಲ್ಲೇ. ಮಳೆಗಾಲ ಕಳೆದಿತ್ತು. ಬಂಗಡೆ ಬಾಚಿಕೊಂಡ ಮೇಲೆ ಬಲೆಯ ಚೀಲದಲ್ಲಿ ಎಳನೀರಿನ ಗಂಜಿಯಂಥದ್ದು ರಾಶಿ ಉಳಿದಿತ್ತು. ಊಟದ ತಟ್ಟೆಯಷ್ಟು ಅಗಲ, ಅಂಚಿನಲ್ಲಿ ತಿಳಿ ಕೆಂಪು. ಬಗ್ಗಿದೆ. 'ಮುಟ್ಟಬೇಡಿ ಮಾಸ್ತರ್ರೇ, ಸತ್ತರೂ ಉರಿಸ್ತದೆ' ಎಂದು ಒಬ್ಬ ಹಿರಿಯರು ತಡೆದರು. ಅವರು ಕೋಲಿನಿಂದ ಒಂದನ್ನು ಮಗುಚಿ ಹಾಕಿದರು. ಕೊಡೆಯಂಥ ಮೈಯ ಒಳಮಗ್ಗುಲಿಗೆ ಉಗುರಿನಷ್ಟು ದೊಡ್ಡ ಏಡಿಮರಿಯೊಂದು ಅಂಟಿಕೊಂಡಿತ್ತು. ಬೆಳಕು ಬಿದ್ದದ್ದೇ ಅದು ಸರಸರ ಮತ್ತೊಂದು ಮಗ್ಗುಲಿಗೆ ಸರಿಯಿತು. 'ಮೀನಿನ ಮರಿಗಳೂ ಇದರ ಅಡಿಗೇ ಇರ್ತಾವೆ. ದೊಡ್ಡ ಮೀನು ಹತ್ತಿರ ಬರೂದಿಲ್ಲ' ಅಂದರು. ಅವರು ಶಾಲೆ ಮೆಟ್ಟಿಲು ಹತ್ತಿದವರಲ್ಲ. ನಾನು ಓದಿದ್ದ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿ ಲೋಳೆ ಮೀನಿನ ಚಿತ್ರವಿತ್ತು, ಭಾಗಗಳಿಗೆ ಹೆಸರಿದ್ದವು, ಅದರ ಅಡಿಯಲ್ಲಿ ಯಾರು ಬಾಡಿಗೆಗಿದ್ದಾರೆ ಅನ್ನುವುದು ಇರಲಿಲ್ಲ.

ಸತ್ತ ಮೇಲೂ ಉರಿಸುವುದು ನಿಜ. ಅದರ ಎಳೆಗಳ ತುಂಬ ಸುರುಳಿ ಸುತ್ತಿಟ್ಟ ಸೂಜಿಯಂಥ ಕುಟುಕು ಕೋಶಗಳಿರುತ್ತವೆ. ಅವು ಸಿಡಿಯಲು ಪ್ರಾಣಿ ಬದುಕಿರಬೇಕಾಗಿಲ್ಲ, ಸೋಕಿದರೆ ಸಾಕು. ಮೆದುಳಿಲ್ಲ, ಹೃದಯವಿಲ್ಲ, ರಕ್ತವಿಲ್ಲ, ಮೈಯ ಶೇ. 95ರಷ್ಟು ಬರೀ ನೀರು. ಇಷ್ಟರಲ್ಲೇ 50 ಕೋಟಿ ವರ್ಷಕ್ಕೂ ಮೇಲ್ಪಟ್ಟು ಸಂಸಾರ ನಡೆಸಿಕೊಂಡು ಬಂದಿದೆ. ತಿನ್ನುವುದು ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು, ಮೀನಿನ ಮೊಟ್ಟೆ, ಮರಿಗಳನ್ನು. ಅದನ್ನು ತಿನ್ನುವವರೂ ಇದ್ದಾರೆ: ಕಡಲಾಮೆಗಳು, ಸೂರ್ಯಮೀನು, ಮತ್ತೆ ನಮ್ಮ ಮಾಂಜಿ. ಕಾರವಾರದವರು ಪಾಪ್ಲೆಟ್ ಎಂದು ಹಬ್ಬಕ್ಕೆ ತಂದು ರವೆಯಲ್ಲಿ ಹುರಿಯುವ ಆ ಬೆಳ್ಳಿ ಬಣ್ಣದ ಮೀನಿನ ಹೊಟ್ಟೆಗೆ ಹೋಗುವುದರಲ್ಲಿ ಇಂಥ ಲೋಳೆ ಜೀವಿಗಳದ್ದೂ ದೊಡ್ಡ ಪಾಲು. ಮಿಕ್ಕಿ ಸತ್ತದ್ದು ತಳಕ್ಕೆ ಇಳಿದು ಅಲ್ಲಿನ ಏಡಿ, ಹುಳುಗಳಿಗೆ ಆಹಾರ. ಹಾಗಾಗಿ ಬಲೆಯಿಂದ ಕಿತ್ತೆಸೆಯುವ ಈ ಗೊಡ್ಡು ಮಾಲಿಗೆ ಕಡಲಲ್ಲಿ ಬೆಲೆಯಿಲ್ಲ ಅಂದುಕೊಳ್ಳುವುದು ಸಂತೆಯ ಲೆಕ್ಕ.

ನಾನು ಹೋದ ಎರಡು ಮೂರು ವರ್ಷಗಳಲ್ಲೇ ಪರ್ಸೀನ್ ಬೋಟುಗಳು ಬಂದವು. ಮಂಗಳೂರು, ಮಲ್ಪೆ ಕಡೆ ಶುರುವಾದದ್ದು ಕಾರವಾರಕ್ಕೂ ಹಬ್ಬಿತು. ಮೀನು ದಡಕ್ಕೆ ಬರಲಿ ಎಂದು ಕಾಯುವ ಕಾಲ ಹೋಗಿ, ಹಿಂಡು ಇರುವಲ್ಲಿಗೇ ಇಂಜಿನ್ ಹಾಕಿ ಹೋಗಿ ಸುತ್ತುವರಿದು, ಬಲೆಯ ಬುಡವನ್ನು ಹಗ್ಗದಿಂದ ಬಿಗಿದು ಎತ್ತುವ ಕಾಲ ಬಂತು. 1980ರ ಹೊತ್ತಿಗೆ ರಾಂಪಣಿಗಳು ಒಂದೊಂದಾಗಿ ಅಟ್ಟ ಸೇರಿದವು. ಹಗ್ಗಕ್ಕೆ ನಿಲ್ಲುತ್ತಿದ್ದ ಕೇರಿಯವರಲ್ಲಿ ಕೆಲವರು ಬೋಟಿನ ಕೂಲಿಗೆ ಹೋದರು, ಕೆಲವರು ಗೋವೆಗೆ. ಆಮೇಲೆ ಸೀಬರ್ಡ್ ನೌಕಾನೆಲೆಗೆ ಜಾಗ ಹೋಗಿ ಅರ್ಗಾ ಕಡೆಯ ಮೀನುಗಾರರ ಮನೆಗಳೇ ಎದ್ದವು. ಅದನ್ನು ಬರೆಯಲು ಬೇರೆಯೇ ಲೇಖನ ಬೇಕು. ಮಾಜಾಳಿ ಕಡೆ ಯೆಂಡಿ ಬಲೆ ಎಳೆಯುವವರು ಈಗಲೂ ಇದ್ದಾರೆ. ರಾಂಪಣಿಯ ತಮ್ಮ ಅನ್ನಬಹುದು.

ಪರ್ಸೀನ್ ಬಂದ ಮೇಲೆ ಲೋಳೆ ಹೆಚ್ಚಾಯಿತು ಎಂದು ಹಳಬರು ಒಂದೇ ಮಾತಲ್ಲಿ ಹೇಳುತ್ತಾರೆ. ನಾನು ಅಷ್ಟು ಸಲೀಸಾಗಿ ಒಪ್ಪುವವನಲ್ಲ. ಲೋಳೆ ಮೀನು ಒಂದು ವರ್ಷ ಕಡಲು ಮುಚ್ಚುವಷ್ಟು ಬಂದು ಮರುವರ್ಷ ಕಾಣದೇ ಹೋಗುವ ಪ್ರಾಣಿ. ಜಗತ್ತಿನ ಲೆಕ್ಕಗಳನ್ನೆಲ್ಲ ಕೂಡಿಸಿದವರಿಗೆ ಸುಮಾರು 20 ವರ್ಷದ ಏರಿಳಿತವೂ ಕಂಡಿದೆ. ಆದರೆ ಹಳಬರ ಮಾತಿನ ಹಿಂದೆ ತರ್ಕವಿದೆ. ತಾರ್ಲೆಯೂ ಲೋಳೆಯೂ ಒಂದೇ ಪಂಕ್ತಿಯಲ್ಲಿ ಉಣ್ಣುವವು. ತಾರ್ಲೆಯನ್ನು ಎಬ್ಬಿಸಿದರೆ ಅದರ ಎಲೆಯ ಊಟವೂ ಲೋಳೆಗೇ, ಮೇಲಿಂದ ತಾರ್ಲೆಯ ಮೊಟ್ಟೆಯನ್ನೂ ಅದೇ ತಿನ್ನುತ್ತದೆ. ಆಫ್ರಿಕಾದ ನಮೀಬಿಯಾದಲ್ಲಿ ಹೀಗೇ ಆಯಿತು. ಅಲ್ಲಿ ತಾರ್ಲೆಯ ಬಳಗದ ಮೀನನ್ನು 1960ರ ದಶಕದಿಂದ ಮಿತಿಯಿಲ್ಲದೆ ಬಾಚಿದರು. 2006ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ಆ ಕಡಲಲ್ಲಿ ಲೋಳೆ ಮೀನು 1.2 ಕೋಟಿ ಟನ್, ಮೀನು 36 ಲಕ್ಷ ಟನ್.

ಇನ್ನೊಂದು ಸಂಗತಿ ದಡದಿಂದ ಕಾಣುವುದಿಲ್ಲ. ಲೋಳೆ ಮೀನಿನ ಮರಿ ತೇಲುತ್ತಲೇ ದೊಡ್ಡದಾಗುವುದಿಲ್ಲ, ಗಟ್ಟಿ ನೆಲೆ ಹುಡುಕಿ ಸಣ್ಣ ಹೂವಿನ ಹಾಗೆ ಅಂಟಿಕೊಂಡು ಕೂರುತ್ತದೆ. ಕಾಲ ಬಂದಾಗ ಅದರಿಂದ ಬಿಲ್ಲೆ ಬಿಲ್ಲೆಯಾಗಿ ಕಳಚಿ ತೇಲತೊಡಗುವುದೇ ನಾವು ಕಾಣುವ ಲೋಳೆ ಮೀನು. ಬಂಡೆ, ಚಿಪ್ಪು ಅದಕ್ಕೆ ಹಳೆಯ ನೆಲೆ. ನಾವು ಕಟ್ಟಿದ ಧಕ್ಕೆ, ಅಲೆತಡೆ, ತೇಲುವ ಪ್ಲಾಸ್ಟಿಕ್ಕು ಹೊಸ ನೆಲೆ. ಕಡಲ ಅಂಚಿಗೆ ನಾವು ಸುರಿದ ಒಂದೊಂದು ಕಾಂಕ್ರೀಟ್ ಕಂಬವೂ ಅದಕ್ಕೆ ಸೈಟು. ಮದರಾಸಿನ ಹತ್ತಿರ ಕಲ್ಪಾಕಂ ಅಣು ವಿದ್ಯುತ್ ಸ್ಥಾವರದ ನೀರಿನ ಜಾಲರಿಗೆ ಇವು ಕಟ್ಟಿಕೊಂಡು ಕಾಟ ಕೊಟ್ಟದ್ದುಂಟು. ನಮ್ಮ ಕೈಗಾಕ್ಕೆ ಆ ಕಾಟವಿಲ್ಲ, ಅದಕ್ಕೆ ಕದ್ರಾ ಜಲಾಶಯದ ಸಿಹಿನೀರು.

ಸಿಹಿನೀರು ಅಂದೆ. ನಿವೃತ್ತನಾಗಿ ಆದಿವಾಲಕ್ಕೆ ಬಂದ ಮೇಲೆ ಊರ ಹುಡುಗರಿಗೆ ಕಡಲ ಕಥೆ ಹೇಳಿದರೆ, 'ಅಜ್ಜಾ, ನಮ್ಮ ಡ್ಯಾಮಲ್ಲೂ ಐತಾ?' ಎಂಬುದೇ ಅವರ ಪ್ರಶ್ನೆ. 2022ರಲ್ಲಿ, 1933ರ ನಂತರ ಮೊದಲ ಸಲ, ಮಾರಿಕಣಿವೆ ಕೋಡಿ ಬಿದ್ದಾಗಲಂತೂ ನೀರಲ್ಲಿ ಹೊಳೆದದ್ದನ್ನೆಲ್ಲ ತೋರಿಸಿ ಕೇಳಿದರು. ಬಹುಪಾಲು ಲೋಳೆ ಮೀನು ಉಪ್ಪುನೀರಿನವೇ. ಆದರೆ ಸಿಹಿನೀರಲ್ಲಿ ಬದುಕುವ, ಬಿಲ್ಲೆಯಷ್ಟೇ ಚಿಕ್ಕ ಜಾತಿಯೂ ಉಂಟು. ಸಾತಾರಾ ಜಿಲ್ಲೆಯ ಕೊಯ್ನಾ, ಯೆನ್ನಾ ಹೊಳೆಗಳಲ್ಲಿ ಅದನ್ನು ಪತ್ತೆಹಚ್ಚಿದವರು ಶಂಕರ ಪುರುಷೋತ್ತಮ ಅಘಾರ್ಕರ್, 1911ರ ಆಸುಪಾಸಿನಲ್ಲಿ. ಅಲ್ಲಿಯವರೆಗೆ ಆ ಕುಲ ಆಫ್ರಿಕಾದಲ್ಲಷ್ಟೇ ಇದೆ ಎಂಬ ನಂಬಿಕೆಯಿತ್ತು. ಆ ಎರಡೂ ಹೊಳೆ ಸೇರುವುದು ಕೃಷ್ಣೆಯನ್ನು. ನಮ್ಮ ವೇದಾವತಿಯೂ ತುಂಗಭದ್ರೆಯ ಜೊತೆ ಕೊನೆಗೆ ಸೇರುವುದು ಅಲ್ಲಿಗೇ. ಹುಡುಗರಿಗೆ ಅಷ್ಟು ನೆಂಟಸ್ತನ ಸಾಕಾಯಿತು.

ಕಳೆದ ಬಾರಿ ಕಾರವಾರಕ್ಕೆ ಹೋದಾಗ ಬೈತಖೋಲ ಬಂದರಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಈಗ ಅವನೇ ಬೋಟಿನ ಯಜಮಾನ. ಡೀಸೆಲ್ ರೇಟು, ಐಸಿನ ರೇಟು, ಬೆಳಕು ಹಾಕಿ ಮೀನು ಹಿಡಿಯುವವರ ಮೇಲಿನ ಸಿಟ್ಟು ಎಲ್ಲ ಆದ ಮೇಲೆ ತಮಿಳುನಾಡು, ಆಂಧ್ರದ ಸುದ್ದಿ ತೆಗೆದ. ಅಲ್ಲಿ ಲೋಳೆ ಮೀನಿಗೆ ಉಪ್ಪು, ಪಟಿಕ ಹಾಕಿ ಒಣಗಿಸಿ ಚೀನಾ, ಜಪಾನಿಗೆ ಕಳಿಸುತ್ತಾರೆ. ಇಲ್ಲೂ ಯಾರಾದರೂ ಕೊಳ್ಳುವವರು ಬಂದರೆ ಬಲೆ ತೊಳೆಯುವ ಖರ್ಚಾದರೂ ಹುಟ್ಟುತ್ತದೆ ಎಂಬುದು ಅವನ ವಾದ. ಪಕ್ಕದಲ್ಲಿ ಬಲೆ ಹೆಣೆಯುತ್ತಿದ್ದ ಅವನ ಅಪ್ಪ ಸೂಜಿ ನಿಲ್ಲಿಸಲಿಲ್ಲ. 'ತಾರ್ಲೆ ಮಾರಿದ್ರಿ, ಕಸದ ಮೀನನ್ನೂ ಮೀನುಹಿಟ್ಟಿನ ಫ್ಯಾಕ್ಟರಿಗೆ ಮಾರಿದ್ರಿ. ಇದನ್ನೂ ಮಾರಿದ್ರೆ ಪಾಪ್ಲೆಟ್ ಏನು ತಿನ್ನಬೇಕು?' ಅಂದರು.

'ಪಾಪ್ಲೆಟ್ ಎಲ್ಲುಂಟು ಅಪ್ಪಾ ಈಗ?' ಅಂದ ಮಗ.

'ಅದಕ್ಕೇ ಕೇಳಿದ್ದು.'